ಈಜುಕೊಳದ ಬದಿಯ ಹಲಗೆ: ರಸೀದಿಯಲ್ಲಿ ಬರೆಯಬೇಕಾದ ಮಾತು

ಈಜುಕೊಳದ ಸುತ್ತ ಮರದ ಹಲಗೆ ಹಾಸುವ ಪದ್ಧತಿ ಪರಸ್ಥಳದಿಂದ ಬಂದುದು. ಭೀಮಾ ತೀರದ ಬಯಲುಸೀಮೆಗೆ ಅದು ಹೊಸತು. ಆದರೂ ವಿಜಯಪುರದಿಂದ ಹೊರ್ತಿ, ಝಳಕಿಗಳ ಮೂಲಕ ಸೊಲ್ಲಾಪುರಕ್ಕೆ ಸಾಗುವ 52ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ವಸತಿಗೃಹ ಕಟ್ಟಬಯಸುವವರು, ದ್ರಾಕ್ಷಿ ಮತ್ತು ಲಿಂಬೆಯ ತೋಟಗಳಲ್ಲಿ ಮನೆ ಕಟ್ಟಿಸುವವರು ಇಂಥ ಕೆಲಸಕ್ಕೆ ಕೈಹಾಕಿದಾಗ ಮೊದಲು ಬಂದು ನಿಲ್ಲುವುದು ಕಟ್ಟಿಗೆ ಅಡ್ಡೆಯ ಮುಂದೆ. ಅಲ್ಲಿಯ ಮಾತುಕತೆ ಬಹುತೇಕ ಒಂದೇ ಬಗೆಯದು. ಗಿರಾಕಿ ‘ಒಳ್ಳೆಯ ಸಾಗವಾನಿ ಕೊಡಿರಿ’ ಎನ್ನುತ್ತಾನೆ. ವ್ಯಾಪಾರಿ ಘನ ಅಡಿಯ ದರ ಹೇಳುತ್ತಾನೆ. ಚೌಕಾಶಿ ನಡೆದು ವ್ಯವಹಾರ ಮುಗಿಯುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಲಗೆ ಸೊಟ್ಟಗಾಗಿ, ಮೊಳೆ ಮೇಲೆದ್ದು, ಬರಿಗಾಲಿನಲ್ಲಿ ನಡೆಯುವವರ ಅಂಗಾಲಿಗೆ ಸಿಬಿರು ಚುಚ್ಚತೊಡಗಿದರೆ ದೂರು ಬರುವುದು ಮರದ ಮೇಲಲ್ಲ, ಮಾರಿದವನ ಮೇಲೆ.

ಈ ದೂರು ಪೂರ್ತಿ ಅನ್ಯಾಯವೆನ್ನುವಂತಿಲ್ಲ. ಮರದ ಜಾತಿ, ಅದರಲ್ಲಿಯ ಚೇಗಿನ ಪ್ರಮಾಣ, ತೇವಾಂಶ ಮತ್ತು ಸಂಸ್ಕರಣೆ, ಈ ನಾಲ್ಕು ಸಂಗತಿಗಳನ್ನು ತಿಳಿಸದೆ ಕೇವಲ ಘನ ಅಡಿಯ ಲೆಕ್ಕದಲ್ಲಿ ಮಾರಿದ ಮರವು ಅರ್ಧ ಮಾರಿದ ಸರಕು.

ನೀರಿನ ದಡದಲ್ಲಿ ಮರ ಬಾಳುವುದಿಲ್ಲವೆಂಬ ಮಾತಿಗೆ ಜಿಲ್ಲಾ ಕೇಂದ್ರದಲ್ಲಿಯೇ ಉತ್ತರವಿದೆ. ಮುಹಮ್ಮದ್ ಆದಿಲ್‌ಶಾಹನು 1646ರಲ್ಲಿ ಕಟ್ಟಿಸಿದ ಅಸಾರ್ ಮಹಲಿನ ಮುಂಭಾಗದಲ್ಲಿ ತೇಗದ ನಾಲ್ಕು ಭಾರಿ ಕಂಬಗಳು ಛಾವಣಿಯನ್ನು ಹೊತ್ತು ನಿಂತಿವೆ. ಅವುಗಳ ಎದುರಿಗೇ ದೊಡ್ಡ ಕೊಳವಿದೆ. ಆ ಕಂಬಗಳು ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಉಳಿದುದಕ್ಕೆ ತೇಗದ ಗುಣವೊಂದೇ ಕಾರಣವಲ್ಲ. ಮೇಲೆ ಛಾವಣಿಯಿದೆ, ತೆರೆದ ಮುಖ ಪೂರ್ವಕ್ಕಿರುವುದರಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ತಾಗುವುದಿಲ್ಲ, ಗಾಳಿಯಾಡುವುದರಿಂದ ಒದ್ದೆಯಾದುದು ಬೇಗ ಒಣಗುತ್ತದೆ. ಮರವನ್ನು ಎಲ್ಲಿ, ಹೇಗೆ ನಿಲ್ಲಿಸಬೇಕೆಂಬುದು ಆ ಕಾಲದವರಿಗೆ ಗೊತ್ತಿತ್ತು.

ಇಂದಿನ ಸಾಗವಾನಿ ಅಂದಿನದಲ್ಲ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಅರಣ್ಯಗಳಲ್ಲಿ ಮರ ಕಡಿಯುವುದನ್ನು ನಿರ್ಬಂಧಿಸಿ ಆದೇಶ ನೀಡಿದ ಮೇಲೆ ಸಹಜಾರಣ್ಯದ ಮಾಲು ವಿರಳವಾಯಿತು; ಕಾಂಡ್ಲಾದಂಥ ಬಂದರುಗಳಿಗೆ ಬರುವ ಆಮದು ಮರ ಹಾಗೂ ನೆಡುತೋಪುಗಳ ಎಳೆಯ ತೇಗ ಪೇಟೆಯನ್ನು ತುಂಬಿದವು. ಎಳೆಯ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿಯ ಭಾಗ ಹೆಚ್ಚು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು ಮರದ ತುಂಡುಗಳನ್ನು ನೆಲದಲ್ಲಿ ಹೂಳಿ ಪರೀಕ್ಷಿಸಿ, 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಾಳುವುದನ್ನು ಮೊದಲನೆಯ ವರ್ಗ, 60ರಿಂದ 120 ತಿಂಗಳು ಬಾಳುವುದನ್ನು ಎರಡನೆಯ ವರ್ಗ, ಅದಕ್ಕಿಂತ ಕಡಿಮೆಯದನ್ನು ಮೂರನೆಯ ವರ್ಗವೆಂದು ವಿಂಗಡಿಸಿದೆ. ತೇಗಕ್ಕೆ ಮೊದಲನೆಯ ವರ್ಗ ದೊರೆತುದು ಚೇಗಿನಿಂದ ಮಾತ್ರ. ಬಿಳಿಯ ಭಾಗವು ತೇಗದ್ದಾದರೂ ಅಷ್ಟೇ, ಬೇವಿನದಾದರೂ ಅಷ್ಟೇ. ಗೆದ್ದಲಿಗೆ ಅದು ಹಬ್ಬದೂಟ. ಬಣ್ಣ ಬಳಿದು ಬಿಳಿಯ ಅಂಚನ್ನು ಮರೆಮಾಡಿ ಮಾರುವ ಚಾಳಿ ಕೆಲವೆಡೆ ಇದೆ. ಅದು ಜಾಣತನವಲ್ಲ.

ಮಲೆನಾಡಿನ ಸಲಹೆಯನ್ನು ಹೊರ್ತಿಯಲ್ಲಿ ಹಾಗೆಯೇ ಪಾಲಿಸುವುದು ಇನ್ನೊಂದು ತಪ್ಪು. ಮರದ ತೇವಾಂಶ ಶೇಕಡಾ 20ನ್ನು ಮೀರಿ ಉಳಿದಾಗಲೇ ಬೂಷ್ಟು ಬೆಳೆದು ಅದನ್ನು ಕೊಳೆಸುತ್ತದೆ. ಶಿರಸಿ, ಯಲ್ಲಾಪುರಗಳಲ್ಲಿ ಅದೇ ದೊಡ್ಡ ಭಯ. ಇಂಡಿ ಸೀಮೆಯ ಒಣ ಹವೆಯಲ್ಲಿ ಕೊಳೆಯುವ ಭಯ ಕಡಿಮೆ. ಇಲ್ಲಿಯ ವೈರಿಗಳು ಬಿಸಿಲು, ಗೆದ್ದಲು, ಮತ್ತು ದಿನಕ್ಕೆ ಹತ್ತು ಸಲ ನೀರು ಚಿಮ್ಮಿ ಹತ್ತು ಸಲ ಒಣಗುವ ಪರಿ. ದಾಂಡೇಲಿಯ ಕಡೆಯಿಂದ ಲಾರಿಯಲ್ಲಿ ಬಂದ ಹಲಗೆಯನ್ನು ಮರುವಾರವೇ ಬಿಗಿದರೆ ಏಪ್ರಿಲ್ ಹೊತ್ತಿಗೆ ಅದು ಕುಗ್ಗಿ ಸೀಳುವುದು ಖಂಡಿತ. ಭಾರತೀಯ ಮಾನಕವೂ ದೇಶವನ್ನು ಹವೆಯ ಆರ್ದ್ರತೆಗೆ ಅನುಗುಣವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯಕ್ಕೂ ಮರದ ತೇವಾಂಶದ ಮಿತಿಯನ್ನು ಬೇರೆಬೇರೆಯಾಗಿ ಗೊತ್ತುಪಡಿಸಿದೆ. ಹಲಗೆಗಳ ನಡುವೆ ತೆಳುಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ಅಟ್ಟಿ ಹಾಕಿ, ಊರಿನ ಹವೆಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಬಂಡವಾಳ ಸಿಕ್ಕಿಕೊಳ್ಳುತ್ತದೆ ನಿಜ. ಆ ಬಡ್ಡಿಯನ್ನು ದರದಲ್ಲಿ ಸೇರಿಸಿ ಕೇಳುವ ಧೈರ್ಯ ವ್ಯಾಪಾರಿಗೆ ಬೇಕು. ಕೈಯಲ್ಲಿ ಹಿಡಿಯುವ ಒಂದು ತೇವಮಾಪಕವಿದ್ದರೆ ವಾದಕ್ಕೆ ಆಸ್ಪದವೇ ಇರುವುದಿಲ್ಲ.

ಊರಿನ ಮರಗಳ ವಿಷಯ. ಕರಿಜಾಲಿಯ ಚೇಗು ಗಟ್ಟಿ; ಬಂಡಿಯ ಗಾಲಿಗೂ ಒಕ್ಕಲುತನದ ಸಲಕರಣೆಗಳಿಗೂ ಬಡಿಗರು ತಲೆಮಾರುಗಳಿಂದ ಬಳಸಿದ್ದಾರೆ. ಆದರೆ ನೆಟ್ಟನೆಯ ಉದ್ದ ಹಲಗೆ ಅದರಲ್ಲಿ ಸಿಗುವುದು ಅಪರೂಪ. ಮೆಟ್ಟಿಲಿಗೆ, ಗಿಡ್ಡ ಆಸನಗಳಿಗೆ ಅದು ಸಲ್ಲುತ್ತದೆ. ಅಗ್ಗದ ಪೈನ್ ಮರವನ್ನು ಸಂಸ್ಕರಿಸದೆ ಬಯಲಿನಲ್ಲಿ ಹಾಸಲೇಬಾರದು. ಸಂಸ್ಕರಣೆಯೆಂದರೆ ಕುಂಚದಿಂದ ಔಷಧಿ ಬಳಿಯುವುದಲ್ಲ, ಒತ್ತಡದ ತೊಟ್ಟಿಯಲ್ಲಿ ಅದನ್ನು ಒಳಕ್ಕೆ ಇಳಿಸುವುದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಹಳೆಯ ಮಿಶ್ರಣವನ್ನು ಮನೆಬಳಕೆಯ ಮರಕ್ಕೆ ಉಪಯೋಗಿಸುವುದನ್ನು ಅಮೆರಿಕದ ತಯಾರಕರು 2003ರ ಕೊನೆಗೆ ನಿಲ್ಲಿಸಿದರು. ಮಕ್ಕಳು ಬರಿಮೈಯಲ್ಲಿ ಆಡುವ ಜಾಗಕ್ಕೆ ಆರ್ಸೆನಿಕ್ ಇಲ್ಲದ ತಾಮ್ರದ ಮಿಶ್ರಣವೇ ಸರಿ. ಸಂಸ್ಕರಿಸಿದ ಮರದ ಚೂರುಗಳು ಯಾವ ಕಾರಣಕ್ಕೂ ಒಲೆಗೆ ಹೋಗಕೂಡದು. ಆ ಹೊಗೆಯೂ ಬೂದಿಯೂ ವಿಷ.

ಹಾಸುವ ಕೆಲಸದಲ್ಲಿ ಉಳಿತಾಯ ಮಾಡಹೋಗಿ ಕೆಡುವುದು ಮೊಳೆಯ ಲೆಕ್ಕದಲ್ಲಿ. ಕಬ್ಬಿಣದ ಮೊಳೆ ಕ್ಲೋರಿನ್ ನೀರಿಗೆ ತುಕ್ಕು ಹಿಡಿಯುತ್ತದೆ, ಮರದ ಒಗರಿನೊಂದಿಗೆ ಸೇರಿ ಕಪ್ಪು ಕಲೆ ಬಿಡುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ತಿರುಪುಗಳೇ ಬೇಕು. ಹಲಗೆಗಳ ನಡುವೆ 5ರಿಂದ 6 ಮಿಲಿಮೀಟರ್ ಸಂದು, ಜಂತಿಗಳ ಕೆಳಗೆ ಕಲ್ಲಿನ ಅಥವಾ ಕಾಂಕ್ರೀಟಿನ ಆಧಾರ, ಅಡಿಯಲ್ಲಿ ಗಾಳಿಯಾಡುವ ಎಡೆ ಇರಬೇಕು. ಮಣ್ಣಿಗೆ ತಾಗಿದ ಜಂತಿಯು ಗೆದ್ದಲಿಗೆ ಹಾಕಿಕೊಟ್ಟ ಏಣಿ.

ನಿರ್ವಹಣೆಯ ಮಾತಿಗೆ ಬಂದರೆ, ಹೊಳಪಿನ ವಾರ್ನಿಷ್ ಬಯಲಿಗೆ ಹೇಳಿದ್ದಲ್ಲ. ಬಿಸಿಲಿಗೆ ಅದರ ಪದರ ಬಿರಿದು, ಬಿರುಕಿನಲ್ಲಿ ಇಳಿದ ನೀರು ಒಳಗೇ ಉಳಿಯುತ್ತದೆ. ಒಳಕ್ಕೆ ಇಂಗುವ, ಬಿಸಿಲು ತಡೆಯುವ ಬಣ್ಣದ ಕಣಗಳಿರುವ ಎಣ್ಣೆಯನ್ನು ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುಂಚೆ ಮತ್ತು ಮಳೆಗಾಲ ಮುಗಿದ ಮೇಲೆ, ಬಳಿದರೆ ಸಾಕು. ‘ತೇಗದ ಎಣ್ಣೆ’ ಎಂಬ ಹೆಸರಿನ ಡಬ್ಬಿಯಲ್ಲಿರುವುದು ತೇಗದಿಂದ ತೆಗೆದ ಎಣ್ಣೆಯಲ್ಲ, ಬಹುಮಟ್ಟಿಗೆ ಅಗಸೆ ಎಣ್ಣೆಯಂಥವುಗಳ ಮಿಶ್ರಣ. ಹಾಗೆಂದು ಗಾಣದ ಅಗಸೆ ಎಣ್ಣೆಯನ್ನೇ ಬಳಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳಬಲ್ಲದು. ಕಟ್ಟಿಗೆ ತುಂಬಿದ ಅಡ್ಡೆಯಲ್ಲಿ ಇದನ್ನು ಆಳುಗಳಿಗೆ ಹೇಳಿರಲೇಬೇಕು. ಮರ ಬೂದು ಬಣ್ಣಕ್ಕೆ ತಿರುಗುವುದು ಮಾತ್ರ ದೋಷವಲ್ಲ, ಅದು ಮೇಲ್ಮೈಯ ಬದಲಾವಣೆಯಷ್ಟೆ.

ಕೆಲವೊಮ್ಮೆ ಮರ ಮಾರದಿರುವುದೇ ಒಳ್ಳೆಯ ವ್ಯಾಪಾರ. ನೆರಳೇ ಇಲ್ಲದ ಪಶ್ಚಿಮದ ಬದಿಗೆ ತಾಳಿಕೋಟೆಯ ಫರಸಿಯನ್ನು ಜಾರದಂತೆ ಒರಟಾಗಿಸಿ ಹಾಸಿ, ಮಾಡಿನ ಕೆಳಗೆ ಮಾತ್ರ ಮರ ಬಳಸಿರೆಂದು ಹೇಳಬಹುದು. ಅದೂ ಸುಣ್ಣಕಲ್ಲಾದ್ದರಿಂದ ಕೊಳಕ್ಕೆ ಹಾಕುವ ಆಮ್ಲ ಚೆಲ್ಲದಂತೆ ಎಚ್ಚರ ಬೇಕು. ಅರ್ಧ ಮರ ಕೊಂಡು ಹತ್ತು ವರ್ಷ ತೃಪ್ತನಾಗಿರುವ ಗಿರಾಕಿ, ಪೂರ್ತಿ ಮರ ಕೊಂಡು ಎರಡನೆಯ ವರ್ಷ ಜಗಳಕ್ಕೆ ಬರುವ ಗಿರಾಕಿಗಿಂತ ಲಾಭದವನು.

2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಯಾರಕನ ಭರವಸೆಯ ಹೊರತಾಗಿ ಮಾರಾಟಗಾರನು ತಾನಾಗಿ ನೀಡಿದ ಭರವಸೆಗೆ ಅವನೂ ಹೊಣೆಯಾಗಬಲ್ಲನು. ‘ಇದಕ್ಕೆ ಏನೂ ಆಗುವುದಿಲ್ಲರೀ’ ಎಂಬ ಬಾಯಿಮಾತಿಗಿಂತ ರಸೀದಿಯ ನಾಲ್ಕು ಸಾಲು ವ್ಯಾಪಾರಿಯನ್ನೇ ಹೆಚ್ಚು ಕಾಯುತ್ತವೆ: ಮರದ ಜಾತಿ, ಬಿಳಿಯ ಭಾಗ ಇದೆಯೋ ಇಲ್ಲವೋ, ಕೊಟ್ಟ ದಿನದ ತೇವಾಂಶ, ಸಂಸ್ಕರಣೆಯ ವಿಧ. ಜಾತಿಯ ಬಗೆಗೆ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡೊಂದನ್ನು ಕಳಿಸಿ ಗುರುತಿಸಿಕೊಳ್ಳಬಹುದು. ರಸೀದಿಯ ಹಿಂಬದಿಯಲ್ಲಿ ಎಣ್ಣೆ ಬಳಿಯಬೇಕಾದ ತಿಂಗಳುಗಳನ್ನು ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ಇಲ್ಲ.