ಅನಾನಸ್ ಅಂಗಿ ಹವಾಯಿಯ ಸಂಸ್ಕೃತಿಯಲ್ಲ

ದಾಸವಾಳ, ತೆಂಗು, ಅನಾನಸ್ ಅಚ್ಚು ಹಾಕಿದ ಅಲೋಹ ಅಂಗಿಯನ್ನು ಹವಾಯಿ ಮೂಲನಿವಾಸಿಗಳ ಸಂಸ್ಕೃತಿ ಎಂದು ಮಾರುವುದು ದಶಕಗಳಿಂದ ನಡೆದಿದೆ. ಯಾರಾದರೂ ತಕರಾರು ತೆಗೆದರೆ ಎರಡು ಸಿದ್ಧ ಉತ್ತರಗಳಿವೆ. ಅದು ಪ್ರವಾಸಿಗರ ಬಟ್ಟೆ, ಅದರಲ್ಲಿ ಸಂಸ್ಕೃತಿ ಹುಡುಕಬೇಡಿ ಎಂಬುದು ಒಂದು. ಅಲ್ಲಿ ಎಲ್ಲರೂ ತೊಡುತ್ತಾರೆ, ಹಾಗಾಗಿ ಅದು ಎಲ್ಲರ ಸೊತ್ತು ಎಂಬುದು ಇನ್ನೊಂದು. ಎರಡೂ ನುಣುಚಿಕೊಳ್ಳುವ ಮಾತುಗಳೇ.

ಈ ಅಂಗಿ ಹುಟ್ಟಿದ್ದು ಹೊನೊಲುಲುವಿನ ವಲಸಿಗ ದರ್ಜಿಗಳ ಅಂಗಡಿಗಳಲ್ಲಿ, ಜಪಾನಿನ ಕಿಮೋನೊ ಬಟ್ಟೆಯಿಂದ. 1935ರಲ್ಲಿ ಮೂಸಾ-ಶಿಯಾ ಎಂಬ ಜಪಾನಿ ದರ್ಜಿ ಅಂಗಡಿ ‘ಅಲೋಹ ಅಂಗಿ’ ಎಂಬ ಹೆಸರಿನಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟಿತು. ಅದೇ ದಶಕದಲ್ಲಿ ಚೀನೀ ಮೂಲದ ವ್ಯಾಪಾರಿ ಎಲೆರಿ ಚುನ್ ಆ ಹೆಸರಿಗೆ ಟ್ರೇಡ್‌ಮಾರ್ಕ್ ಪಡೆದರು. ವಲಸಿಗರ ಈ ಕಸುಬುಗಾರಿಕೆಗೆ ಗೌರವ ಸಲ್ಲಲೇಬೇಕು. ಆದರೆ ಅದನ್ನು ಮೂಲನಿವಾಸಿಗಳ ಪರಂಪರೆ ಎನ್ನುವುದು ಇಬ್ಬರಿಗೂ ಮಾಡುವ ಅನ್ಯಾಯ.

ಮೂಲನಿವಾಸಿಗಳ ಬಟ್ಟೆ ಕಾಪಾ. ಹಿಪ್ಪುನೇರಳೆ ಕುಟುಂಬಕ್ಕೆ ಸೇರಿದ ವೌಕೆ ಗಿಡದ ಒಳತೊಗಟೆಯನ್ನು ನೆನೆಸಿ, ಮರದ ಕೊಡತಿಯಿಂದ ಬಡಿಬಡಿದು ತೆಳ್ಳಗೆ ಮಾಡಿ, ಕೆತ್ತಿದ ಬಿದಿರಿನಿಂದ ಅದರ ಮೇಲೆ ಅಚ್ಚು ಒತ್ತುತ್ತಿದ್ದರು. ಆಮದು ಬಟ್ಟೆ ಬಂದು 19ನೇ ಶತಮಾನದ ಕೊನೆಗೆ ಆ ಕಸುಬು ನೆಲಕಚ್ಚಿತು. 1893ರಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಲಾಯಿತು. 1896ರ ಕಾನೂನು ಮೂಲನಿವಾಸಿಗಳ ನುಡಿಯನ್ನೂ ಶಾಲೆಗಳಿಂದ ಹೊರಗಟ್ಟಿತು.

ಈಗ ಅಂಗಿಯ ಮೇಲಿನ ಅನಾನಸ್ ನೋಡಿ. ಅದು ದಕ್ಷಿಣ ಅಮೆರಿಕದ ಹಣ್ಣು. ಅದನ್ನು ಹವಾಯಿಯ ಗುರುತಾಗಿಸಿದ್ದು ಜೇಮ್ಸ್ ಡೋಲ್‌ನ ಕಂಪನಿ. ರಾಣಿಯನ್ನು ಇಳಿಸಿದ ಮೇಲೆ ಅಧ್ಯಕ್ಷನಾದ ಸ್ಯಾನ್‌ಫೋರ್ಡ್ ಡೋಲ್ ಆತನ ಬಂಧು. 1922ರಲ್ಲಿ ಆ ಕಂಪನಿ ಲಾನಾಯಿ ದ್ವೀಪವನ್ನು ಹೆಚ್ಚುಕಡಿಮೆ ಇಡಿಯಾಗಿಯೇ ಕೊಂಡಿತು. ನೆಲ ಕಳೆದುಕೊಂಡವರ ಸಂಸ್ಕೃತಿಗೆ ನೆಲ ಕೊಂಡವರ ಬೆಳೆಯೇ ಲಾಂಛನವಾಗಿದೆ!

ಅಂಗಿಯ ಹೊಲಿಗೆ ಹೊರಗಿನದೆಂದ ಮಾತ್ರಕ್ಕೆ ಅದು ಮೂಲನಿವಾಸಿಗಳ ಮಾತನ್ನು ಆಡಲಾರದು ಎಂದೇನಿಲ್ಲ. ಹಿಲೋ ಊರಿನ ವಿನ್ಯಾಸಕ ಸಿಗ್ ಜೇನ್ 1985ರಲ್ಲಿ ಅಂಗಡಿ ತೆರೆದಾಗ, ಪತ್ನಿ ನಾಲಾನಿ ಕನಕಾಓಲೆ ಅವರ ಹೂಲಾ ನೃತ್ಯದ ಗುರುಪರಂಪರೆ ಬೆನ್ನಿಗಿತ್ತು. ಅವರ ಅಚ್ಚುಗಳಲ್ಲಿ ಓಹಿಯಾ ಲೆಹುವಾ ಹೂವು, ಕೆಸುವಿನ ಎಲೆಯಂಥ ಸ್ಥಳೀಯ ಸಸ್ಯಗಳೇ ಕಾಣುತ್ತವೆ. ಹವಾಯಿಯ ವಂಶಕಥನದಲ್ಲಿ ಕೆಸು ಮನುಷ್ಯನ ಒಡಹುಟ್ಟಿದ ಅಣ್ಣ. ಆ ಎಲೆಯನ್ನು ಬಲ್ಲವರು ಬಿಡಿಸಿದಾಗ ಅಂಗಿಗೊಂದು ಕುಲದ ನೆನಪು ಸೇರುತ್ತದೆ.

ಬಲ್ಲವರನ್ನು ಬದಿಗೊತ್ತಿದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಅಮೆರಿಕ ಕಂಡಿತು. ಬೂಗಲೂ ಎಂಬ ಸರ್ಕಾರ ವಿರೋಧಿ ಗುಂಪಿನವರು ಇದೇ ಹೂವಿನ ಅಂಗಿ ತೊಟ್ಟು, ಬಂದೂಕು ಹಿಡಿದು ಬೀದಿಗಿಳಿದರು. ವಾರಸುದಾರರಿಲ್ಲದ ಬಟ್ಟೆಗೆ ಯಾರು ಬೇಕಾದರೂ ತಮ್ಮ ಅರ್ಥ ಹಚ್ಚಬಹುದು.

ತೊಡುವ ಹಕ್ಕು ಎಲ್ಲರಿಗೂ ಇರಲಿ, ಅದನ್ನು ಯಾರೂ ಕಸಿಯಬೇಕಿಲ್ಲ. ಲೆಕ್ಕ ಒಪ್ಪಿಸಬೇಕಾದವರು ಮಾರುವವರು. ಈ ಚಿತ್ರ ಬಿಡಿಸಿದವರು ಯಾರು, ಇದು ಯಾವ ಗಿಡ, ಲಾಭದಲ್ಲಿ ಮೂಲನಿವಾಸಿಗಳಿಗೆ ಪಾಲೆಷ್ಟು ಎಂದು ಕೊಳ್ಳುವ ಮುನ್ನ ಕೇಳಿ. ಉತ್ತರ ಸಿಗದಿದ್ದರೆ ಅದು ಬರೀ ಹೂವಿನ ಅಂಗಿ. ಹಾಗೆಂದೇ ಮಾರಲಿ. ಹವಾಯಿ ಸಂಸ್ಕೃತಿ ಎಂಬ ಚೀಟಿ ಅಂಟಿಸುವ ಹಕ್ಕು ಆ ಅಂಗಡಿಗಿಲ್ಲ.