ಬೆಳೆಯ ಕಂತಿಗೆ ಮಿತಿಯುಂಟು, ಮೈಯ ಕಂತಿಗೆ ಇಲ್ಲವೇ?

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ರೈತ ಬಾಂಧವರಿಗೆ ವಿಮೆಯೆಂಬ ಶಬ್ದವು ಹೊಸದಲ್ಲ. ಮಳೆ ಕೈಕೊಟ್ಟೀತೆಂದು ತೊಗರಿಗೆ, ಜೋಳಕ್ಕೆ ನಾವು ವಿಮೆ ಮಾಡಿಸುತ್ತ ಬಂದಿದ್ದೇವೆ. ಈಚಿನ ವರ್ಷಗಳಲ್ಲಿ ಇನ್ನೊಂದು ವಿಮೆಯು ನಮ್ಮ ಕಟ್ಟೆಗೆ ಬಂದು ಕುಳಿತಿದೆ. ಅದು ಮೈಯ ವಿಮೆ, ಎಂದರೆ ಆರೋಗ್ಯ ವಿಮೆ. ಸೊಲ್ಲಾಪುರಕ್ಕೋ ಮಿರಜಿಗೋ ವಿಜಯಪುರಕ್ಕೋ ಒಮ್ಮೆ ರೋಗಿಯನ್ನು ಹೊತ್ತುಕೊಂಡು ಹೋಗಿ, ಆಸ್ಪತ್ರೆಯ ಬಿಲ್ಲಿಗಾಗಿ ಎತ್ತು ಮಾರಿ ಬಂದವರು, ಮತ್ತೆ ಹಾಗಾಗದಿರಲೆಂದು ಇದನ್ನು ಮಾಡಿಸಿದ್ದಾರೆ. ಅವರ ಎಣಿಕೆ ತಪ್ಪೆಂದು ನಾವು ಹೇಳಲಾರೆವು. ಆದರೆ ಹೊಲ ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯತೊಡಗಿದರೆ ಏನು ಮಾಡುವದು?

ಲೆಕ್ಕಕ್ಕಾಗಿ ಒಂದು ಕುಟುಂಬದ ವರ್ಷದ ಕಂತು 20,000 ರೂಪಾಯಿಯೆಂದು ಹಿಡಿಯೋಣ. 2025-26ರ ಬೆಂಬಲ ಬೆಲೆಯಲ್ಲಿ ತೊಗರಿ ಕ್ವಿಂಟಲಿಗೆ 8,000 ರೂಪಾಯಿ, ಮಾಲದಂಡಿ ಜೋಳ 3,749 ರೂಪಾಯಿ. ಅಂದರೆ ಎರಡೂವರೆ ಕ್ವಿಂಟಲ್ ತೊಗರಿ, ಇಲ್ಲವೆ ಐದು ಕ್ವಿಂಟಲಿಗೂ ಮಿಕ್ಕ ಜೋಳವು ಕಂತಿಗೇ ಹೋಗುವದು. ಅಡತಿಯಲ್ಲಿ ಬೆಂಬಲ ಬೆಲೆ ಸಿಗದ ವರ್ಷ ಇನ್ನೂ ಹೆಚ್ಚು. ಮನೆಯಲ್ಲಿ ಯಾರೂ ಹಾಸಿಗೆ ಹಿಡಿಯದಿದ್ದರೂ ಆ ಕಾಳು ತಿರುಗಿ ಕಣಜಕ್ಕೆ ಬರಲಾರದು.

ಈ ಕಂತಿನ ಮೇಲೆ ಸರಕಾರವು ಬಹುಕಾಲ ನೂರಕ್ಕೆ 18ರಂತೆ ತೆರಿಗೆ ಎತ್ತುತ್ತಿತ್ತು. 2025ರ ಸಪ್ಟಂಬರ 22ರಿಂದ ಮನೆಯವರು ತಾವಾಗಿ ಮಾಡಿಸುವ ಆರೋಗ್ಯ ವಿಮೆಗೆ ಆ ತೆರಿಗೆಯನ್ನು ತೆಗೆದುಹಾಕಲಾಯಿತು. ಇದು ಒಳ್ಳೆಯ ಕೆಲಸ, ಮೆಚ್ಚತಕ್ಕದ್ದೇ. 23,600 ಕೊಡುತ್ತಿದ್ದವನು 20,000 ಕೊಟ್ಟರೆ ಸಾಕಾಯಿತು. ಆದರೆ ಮೂಲ ಕಂತೇ ವರ್ಷಕ್ಕೆ ನೂರಕ್ಕೆ 9ರಂತೆ ಏರಿತೆನ್ನಿ. ಎರಡೇ ವರ್ಷಕ್ಕೆ ಅದು 23,762 ಆಗುವದು. ತೆರಿಗೆ ಹೋದ ಸುಖವನ್ನು ಏರಿಕೆಯು ನುಂಗಿ ನೀರು ಕುಡಿಯಿತು.

ಮುಪ್ಪಿನವರ ಗತಿ ಇನ್ನೂ ಕಠಿಣ. 60 ದಾಟಿದವರ ಕಂತನ್ನು ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚಿಗೆ ಏರಿಸಬೇಕಾದರೆ ಕಂಪನಿಗಳು ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2025ರ ಜನವರಿಯಲ್ಲಿ ಅಪ್ಪಣೆ ಮಾಡಿದೆ. ಆದರೆ ನೂರಕ್ಕೆ ಹತ್ತೇ ಏರಿದರೂ ಏಳು ವರ್ಷಕ್ಕೆ ಕಂತು ಹತ್ತಿರ ಹತ್ತಿರ ಇಮ್ಮಡಿಯಾಗುವದು. ಜೋಳದ ಬೆಲೆ ಏಳು ವರ್ಷಕ್ಕೆ ಇಮ್ಮಡಿಯಾಗುವದೆಂದು ನಮಗೆ ಯಾರೂ ಬರೆದುಕೊಟ್ಟಿಲ್ಲ. ಅರುವತ್ತರ ಒಳಗಿನವರಿಗಂತೂ ಈ ಕಟ್ಟೂ ಇಲ್ಲ.

ಈಗ ಬೆಳೆಯ ವಿಮೆಯನ್ನು ನೋಡಿರಿ. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಬೆಳೆಗೆ 5. ಉಳಿದದ್ದು ಸರಕಾರಗಳ ಪಾಲು. ನಮ್ಮ ರಾಜ್ಯವು 2023ರಿಂದ ಕೇವಲ ಒಂದು ರೂಪಾಯಿಗೆ ಬೆಳೆ ವಿಮೆ ಕೊಟ್ಟು 2025ರಲ್ಲಿ ಅದನ್ನು ನಿಲ್ಲಿಸಿತು. ಆದರೂ ಮೇಲಿನ ಮಿತಿ ಉಳಿದಿದೆ. ತೊಗರಿಗೆ ಮಿತಿ ಹಾಕಬಲ್ಲ ಸರಕಾರವು ತೊಗರಿ ಬಿತ್ತುವವನ ಮೈಗೆ ಯಾಕೆ ಹಾಕಬಾರದು? ಇದೇ ನಮ್ಮ ಪ್ರಶ್ನೆ.

ಸಹಕಾರದಿಂದ ಇದು ಸಾಧ್ಯವೆಂಬುದಕ್ಕೆ ಗಡಿಯಾಚೆ ಉದಾಹರಣೆಯಿದೆ. ಕರ್ನಾಟಕದ ಯಶಸ್ವಿನಿ ಯೋಜನೆಯು 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಂದ ತಿಂಗಳಿಗೆ 5 ರೂಪಾಯಿಯಂತೆ ಕೂಡಿಸಿ ಶಸ್ತ್ರಚಿಕಿತ್ಸೆಯ ಖರ್ಚು ಹೊತ್ತಿತು. 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತುಮಾಡಿದರು. ಅದು ಆ ರಾಜ್ಯದ ಸಂಘಗಳವರಿಗೆ. ನಮ್ಮ ಸೊಸಾಯಿಟಿಗಳಿಗೆ ಅದರಲ್ಲಿ ಸ್ಥಾನವಿಲ್ಲ. ಆದರೆ ಅದೇ ರೀತಿಯಲ್ಲಿ ಇಲ್ಲಿಯ ಸೊಸಾಯಿಟಿಗಳೂ ಒಟ್ಟುಗೂಡಿ ಸರಕಾರದ ಬಾಗಿಲು ತಟ್ಟಲು ಅಡ್ಡಿಯೇನು?

ಕಂತು ಏರುವದಕ್ಕೆ ಕಂಪನಿಯೊಂದೇ ಕಾರಣವಲ್ಲ. ಆಸ್ಪತ್ರೆಗಳು ಮನಸ್ಸಿಗೆ ಬಂದಂತೆ ಬಿಲ್ಲು ಏರಿಸಿದರೆ ಅದು ಬರುವ ವರ್ಷದ ಕಂತಾಗಿ ನಮ್ಮ ತಲೆಗೇ ಬರುವದು. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನೂ ರೋಗಿಯ ಹಕ್ಕುಗಳ ಸನದನ್ನೂ ಕಾಣುವಂತೆ ಹಚ್ಚಬೇಕೆಂದು ಮಹಾರಾಷ್ಟ್ರದಲ್ಲಿ 2021ರಲ್ಲಿ ನಿಯಮವಾಗಿದೆ. ರೋಗಿಯನ್ನು ಒಳಗೆ ಸೇರಿಸುವ ಮೊದಲು ಆ ಪಟ್ಟಿ ಎಲ್ಲಿದೆಯೆಂದು ಕೇಳಲು ನಾವು ನಾಚಬಾರದು.

ಸರಕಾರ ಕೇಳುವ ತನಕ ನಾವು ಮಾಡಬೇಕಾದ ಕೆಲವು ಕೆಲಸಗಳಿವೆ.

ಮೊದಲನೆಯದು: ಮಹಾತ್ಮಾ ಜೋತಿರಾವ ಫುಲೆ ಜನ ಆರೋಗ್ಯ ಯೋಜನೆಯನ್ನು ಎಲ್ಲ ಪಡಿತರ ಚೀಟಿದಾರರಿಗೂ ವಿಸ್ತರಿಸಿ, ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ರಕ್ಷಣೆ ಕೊಡಲು 2023ರಲ್ಲಿ ತೀರ್ಮಾನವಾಗಿದೆ. ಪಟ್ಟಿಯಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಇದು ಸಲ್ಲುವದು. ಆದ್ದರಿಂದ ಆಸ್ಪತ್ರೆಯ ಆರೋಗ್ಯಮಿತ್ರನನ್ನು ಮೊದಲು ಕಾಣಿರಿ; ಹಣ ಕಟ್ಟಿದ ಮೇಲೆ ಅಲ್ಲ.

ಎರಡನೆಯದು: 70 ವರ್ಷ ದಾಟಿದ ಹಿರಿಯರಿಗೆ, ಆದಾಯವೆಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ 5 ಲಕ್ಷದ ರಕ್ಷಣೆಯುಂಟು. ಮನೆಯ ಅಜ್ಜ-ಅಜ್ಜಿಯರ ಕಾರ್ಡು ಈ ವಾರವೇ ಮಾಡಿಸಿರಿ.

ಮೂರನೆಯದು: ಕಂತು ಭಾರವಾಯಿತೆಂದು ಹಳೆಯ ಪಾಲಿಸಿಯನ್ನು ಸಿಟ್ಟಿನಿಂದ ಬಿಟ್ಟುಬಿಡಬೇಡಿರಿ. ಬಿಟ್ಟು ಮತ್ತೆ ಹೊಸದಾಗಿ ಮಾಡಿಸಿದರೆ ಮೊದಲೇ ಇದ್ದ ರೋಗಕ್ಕೆ ಮೂರು ವರ್ಷದ ವರೆಗೆ ಕಾಯಬೇಕಾದೀತು. ಅದರ ಬದಲು, ಕಾದ ಕಾಲ ಕಳೆಯದಂತೆ ಇನ್ನೊಂದು ಕಂಪನಿಗೆ ಬದಲಾಯಿಸಿಕೊಳ್ಳುವ ಹಕ್ಕು ನಮಗಿದೆ. ನವೀಕರಣದ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ಅರ್ಜಿ ಕೊಡಬೇಕು.

ನಾಲ್ಕನೆಯದು ನಮ್ಮಂಥ ಗಡಿಯವರಿಗೆ ಮುಖ್ಯವಾದುದು. ಪಾಲಿಸಿಯ ಕಾಗದ ಇಂಗ್ಲಿಷಿನಲ್ಲಿ, ಕಚೇರಿಯ ಮಾತು ಮರಾಠಿಯಲ್ಲಿ, ರೋಗಿಯ ನರಳಾಟ ಕನ್ನಡದಲ್ಲಿ. ಪಾಲಿಸಿಯ ಸಾರಾಂಶದ ಹಾಳೆಯನ್ನು, ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮವು 2024ರ ಆರಂಭದಿಂದ ಜಾರಿಯಲ್ಲಿದೆ. ನಮ್ಮ ಹಳ್ಳಿಗಳ ಸ್ಥಳೀಯ ಭಾಷೆ ಯಾವುದೆಂದು ನಾವೇ ಹೇಳಬೇಕು. ಕನ್ನಡದಲ್ಲಿ ಕೊಡಿರೆಂದು ಬರೆದು ಕೇಳಿರಿ; ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.

ಬೇಡಿಕೆಯನ್ನು ನಾವು ಚಿಕ್ಕದಾಗಿಯೇ ಇಡುತ್ತೇವೆ: ಸಣ್ಣ ರೈತನ ಕುಟುಂಬದ ಆರೋಗ್ಯ ವಿಮೆಗೆ ಬೆಳೆ ವಿಮೆಯಂತೆ ಒಂದು ಮಿತಿ, ಮಿಕ್ಕುದಕ್ಕೆ ಸರಕಾರದ ಹೆಗಲು. ಬರುವ ಗ್ರಾಮಸಭೆಯಲ್ಲಿ ನೀರು, ರಸ್ತೆಯ ಠರಾವಿನ ಜೊತೆಗೆ ಇದೂ ಒಂದು ಠರಾವಾಗಲಿ. ಒಂದು ಊರಿನ ಕಾಗದ ಕಚೇರಿಯ ಕಪಾಟಿನಲ್ಲಿ ಬಿದ್ದಿರಬಹುದು. ನೂರು ಊರುಗಳ ಕಾಗದ ಬಂದರೆ ಯಾರಾದರೂ ಅದನ್ನು ಬಿಚ್ಚಿ ಓದಲೇಬೇಕಾಗುವದು.