ಎರಡು ಗಡಿಯಾರಗಳ ನಡುವೆ

ಗೆಳೆಯರೊಬ್ಬರು ಕಾಗದ ಬರೆದಿದ್ದಾರೆ. “ಮೈಸೂರಿಗೆ ಹೋಗುವವನಿದ್ದೇನೆ. ಕೈಯಲ್ಲಿರುವುದು ಒಂದೂವರೆ ದಿನ. ಎಲ್ಲಿ ಇಳಿದುಕೊಳ್ಳಲಿ, ಏನು ತಿನ್ನಲಿ, ಏನನ್ನು ನೋಡಲಿ? ನೀವು ಅಲ್ಲಿ ಓದಿದವರು, ನಿಮಗೆ ತಿಳಿಯದುದೇನಿದೆ?” ಎಂಬುದು ಅದರ ಸಾರಾಂಶ.

ಒಂದು ಊರಿನಲ್ಲಿ ಓದಿದವನಿಗೆ ಆ ಊರು ತಿಳಿದಿರುತ್ತದೆಂಬುದು ಬಹುಜನರ ನಂಬಿಕೆ. ನಾನು ಎರಡು ವರ್ಷ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದವನು, ನಿಜ. ಆದರೆ ಆ ಎರಡು ವರ್ಷಗಳಲ್ಲಿ ಅರಮನೆಯ ಒಳಗೆ ಕಾಲಿಟ್ಟವನಲ್ಲ. ಟಿಕೆಟ್ಟಿನ ಹಣಕ್ಕೆ ಬೇರೆ ಉಪಯೋಗವಿದ್ದಿತು. ಅರಮನೆಯನ್ನು ಒಳಹೊಕ್ಕು ಕಂಡದ್ದು ಕಳೆದ ಮಾಗಿಯಲ್ಲಿ, ನನ್ನ ಸೋದರಮಾವನವರ ಜೊತೆಯಲ್ಲಿ.

ಮಾವನವರು ಅರಸೀಕೆರೆಯ ಕಡೆಯ ತೆಂಗಿನ ತೋಟದ ಒಕ್ಕಲು. ನನ್ನ ಓದಿನ ಎರಡು ವರ್ಷವೂ ಕೊಬ್ಬರಿ ಮಾರಿದ ಹಣದಲ್ಲಿ ತಿಂಗಳು ತಪ್ಪದೆ ನನಗೆ ಪಾಲು ಕಳುಹಿಸಿದವರು ಅವರೇ. ಹಣ ಮೈಸೂರಿಗೆ ಬಂದಿತು. ಹಣ ಕೊಟ್ಟವರು ಬಂದಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಒಮ್ಮೆ, “ನಿನ್ನ ಮೈಸೂರನ್ನು ನನಗೂ ತೋರಿಸೋ” ಎಂದರು. ಶನಿವಾರ ಮಧ್ಯಾಹ್ನ ರೈಲು ಇಳಿದೆವು.

ವಸತಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಸೂರಿನ ನಡುವನ್ನು ನೋಡಬೇಕೆನ್ನುವವರು ದೂರದ ಬಡಾವಣೆಗಳಲ್ಲಿ ಇಳಿದುಕೊಳ್ಳಬಾರದು. ಧನ್ವಂತರಿ ರಸ್ತೆಯಲ್ಲಿಯೂ ಗಾಂಧಿ ಚೌಕದ ಸುತ್ತಿನಲ್ಲಿಯೂ ಸಾಧಾರಣ ಬಾಡಿಗೆಯ ವಸತಿಗೃಹಗಳಿವೆ. ಮುಂಗಡ ಕೊಡುವ ಮೊದಲು ಕೋಣೆಯನ್ನು ಕಣ್ಣಾರೆ ನೋಡಿರಿ. ರಸ್ತೆಗೆ ಬೆನ್ನು ಮಾಡಿದ ಕೋಣೆಯನ್ನೇ ಕೇಳಿರಿ. ದಸರೆಯ ದಿನಗಳಾದರೆ ಬಹಳ ಮುಂಚೆಯೇ ಏರ್ಪಾಡು ಮಾಡಿಕೊಳ್ಳಬೇಕು. ನಮಗೆ ಗಾಂಧಿ ಚೌಕದ ಬಳಿ ಮಹಡಿಯ ಕೋಣೆಯೊಂದು ದೊರೆಯಿತು. ಮಾವನವರು ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿ, “ಆಗ ನೀನು ಮಲಗುತ್ತಿದ್ದುದೆಲ್ಲಿ?” ಎಂದು ಕೇಳಿದರು. ಅಗ್ರಹಾರದ ಹತ್ತಿರ ಇಬ್ಬರೊಡನೆ ಹಂಚಿಕೊಂಡಿದ್ದ ಕೋಣೆಯ ವಿಷಯ ಹೇಳಿದೆ. ಚಾಪೆಯ ವಿಷಯ ಹೇಳಲಿಲ್ಲ.

ಸಂಜೆ ದೊಡ್ಡ ಗಡಿಯಾರದ ಬಳಿಗೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಎದ್ದ ಗೋಪುರವಿದು. ಎತ್ತರ 75 ಅಡಿ. ಮುಖದ ಮೇಲೆ ಕನ್ನಡ ಅಂಕಿಗಳು. ಎದುರಿಗಿರುವುದು ದಿವಾನ್ ರಂಗಾಚಾರ್ಲು ಅವರ ಸ್ಮಾರಕವಾಗಿ 1884ರಲ್ಲಿ ನಿರ್ಮಿತವಾದ ಪುರಭವನ. ಮಾವನವರು ಕನ್ನಡದ ಅಂಕಿಗಳಲ್ಲಿ ಗಂಟೆ ಓದಿ, ತಮ್ಮ ಕೈಗಡಿಯಾರದೊಡನೆ ತಾಳೆ ನೋಡಿಕೊಂಡರು.

ಭಾನುವಾರ ಬೆಳಗ್ಗೆ ಆಟೋ ಹಿಡಿದು ನಜರಾಬಾದಿನ ಮೈಲಾರಿಗೆ ಹೋದೆವು. ಅಲ್ಲಿಯ ದೋಸೆ ಗರಿಗರಿಯದಲ್ಲ, ಮೃದು. ಮೇಲೆ ಬೆಣ್ಣೆ, ಜೊತೆಗೆ ಕಾಯಿಚಟ್ನಿ. ಜಾಗ ಸಿಗುವವರೆಗೆ ನಿಂತು ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಇದನ್ನು ಹೇಳುತ್ತಿದ್ದೇನೆ. ಚಟ್ನಿಯನ್ನು ನಾಲಗೆಗೆ ಸೋಕಿಸಿ, “ಕಾಯಿ ಒಳ್ಳೆಯದು” ಎಂದರು ಮಾವ. ತೆಂಗು ಬೆಳೆದವರ ಬಾಯಿಂದ ಬಂದ ಪ್ರಶಸ್ತಿ! ಕೂಡಲೇ ಎರಡನೆಯ ಪ್ರಶ್ನೆ: “ಆಗ ನೀನು ಉಣ್ಣುತ್ತಿದ್ದುದೆಲ್ಲಿ?” “ಮೆಸ್ಸಿನಲ್ಲಿ, ಮಾವ.” “ಎರಡು ಹೊತ್ತೂ?” ನಾನು ಕಾಫಿಯ ಲೋಟದ ಕಡೆಗೆ ನೋಡಿದೆ.

ಅರಮನೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಮರದ ಹಳೆಯ ಅರಮನೆ 1897ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಈಗಿನದು 1912ರಲ್ಲಿ ಪೂರ್ಣವಾಯಿತು. ಬಾಗಿಲು ತೆರೆದ ಹೊತ್ತಿಗೇ ಹೋದರೆ ನೂಕುನುಗ್ಗಲು ಕಡಿಮೆ. ಅಲ್ಲಿಂದ ಜಗನ್ಮೋಹನ ಅರಮನೆಗೆ ನಡೆದೇ ಹೋಗಬಹುದು. ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ್ದು ಇದು. ಅಲ್ಲಿಯ ಚಿತ್ರಶಾಲೆಯಲ್ಲಿ ರವಿವರ್ಮನ ಕೃತಿಗಳಿವೆ. ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರವನ್ನೂ ಹಲವರು ಅವನದೇ ಎಂದುಕೊಳ್ಳುತ್ತಾರೆ. ಅದನ್ನು ಬರೆದವರು ಎಸ್.ಎಲ್. ಹಲ್ದಂಕರ್. ಹಿಂದೆಲ್ಲೋ ದೀಪ ಬಚ್ಚಿಟ್ಟಿದ್ದಾರೆಂಬ ಸಂಶಯದಿಂದ ಮಾವನವರು ಪಕ್ಕಕ್ಕೆ ಬಗ್ಗಿ ನೋಡಿದರು. ಅವರ ಬೆನ್ನ ಹಿಂದೆ ನಿಂತವರೂ ಹಾಗೆಯೇ ಬಗ್ಗಿದರು.

ಮುಂದೆ ದೇವರಾಜ ಮಾರುಕಟ್ಟೆ. ಅರಿಸಿನ ಕುಂಕುಮದ ಗೋಪುರಗಳು, ಮಾರುದ್ದದ ಹೂಮಾಲೆಗಳು, ಮೈಸೂರು ಮಲ್ಲಿಗೆ, ಚಿಗುರು ವೀಳ್ಯದೆಲೆ. ನಂಜನಗೂಡಿನ ರಸಬಾಳೆ ಮಾತ್ರ ರೋಗಕ್ಕೆ ಸಿಕ್ಕಿ ಬಹಳ ಅಪರೂಪವಾಗಿದೆ, ಕಂಡರೆ ಬಿಡಬೇಡಿ. ಸಯ್ಯಾಜಿರಾವ್ ರಸ್ತೆಯ ಕಡೆಗಿರುವ ಗುರು ಸ್ವೀಟ್ಸ್ ಅಂಗಡಿಯಲ್ಲಿ ಮೈಸೂರು ಪಾಕು ಕೊಂಡೆವು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ಕೊಬ್ಬರಿಯ ಮಳಿಗೆಯೊಂದರಲ್ಲಿ ಮಾವನವರು ಧಾರಣೆ ವಿಚಾರಿಸಿ, ಅಂಗಡಿಯವನೊಡನೆ ಕಾಲು ಗಂಟೆ ವಾದ ಮಾಡಿ, ಏನನ್ನೂ ಕೊಳ್ಳದೆ ಸಂತೋಷದಿಂದ ಹೊರಟರು.

1886ರ ಚಿಕ್ಕ ಗಡಿಯಾರವಿರುವುದು ಇಲ್ಲಿಯೇ. ಅದರ ಸಮೀಪದಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. ನನ್ನ ಕಾಲು ತಾನಾಗಿ ಅಲ್ಲಿ ನಿಂತಿತು. ಆ ಕಮಾನುಗಳ ಕೆಳಗೆ ಹಳೆಯ ಪುಸ್ತಕಗಳ ಅಂಗಡಿಗಳಿದ್ದುವು. 2012ರ ಆಗಸ್ಟಿನಲ್ಲಿ, ನಾನು ಪರೀಕ್ಷೆ ಮುಗಿಸಿ ಊರು ಸೇರಿದ ಕೆಲವು ವಾರಗಳಿಗೆ, ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳನ್ನು ತೆರವು ಮಾಡಿಸಿದರು. ಉಳಿಸಿ ದುರಸ್ತಿ ಮಾಡಬೇಕೆಂಬವರಿಗೂ ಕೆಡವಿ ಕಟ್ಟಬೇಕೆಂಬವರಿಗೂ ವಾದ ವರ್ಷಗಟ್ಟಲೆ ನಡೆಯಿತು. ನಾವು ಹೋದಾಗ ಬಾಗಿಲುಗಳೆಲ್ಲ ಮುಚ್ಚಿದ್ದುವು.

“ಇಲ್ಲೇನಿತ್ತು?” ಎಂದರು ಮಾವ.

ಹೇಳಿಬಿಟ್ಟೆ. ಎರಡು ವರ್ಷ ಬಹುಪಾಲು ರಾತ್ರಿಗಳಲ್ಲಿ ಮೆಸ್ಸಿಗೆ ಹೋಗದೆ ಬನ್ನು ತಿಂದು ಮಲಗಿದೆನೆಂದೂ, ಊಟದ ಹಣವೆಂದು ಅವರು ಕಳುಹಿಸಿದ್ದನ್ನು ಈ ಕಮಾನುಗಳ ಕೆಳಗೆ ಸುರಿದೆನೆಂದೂ, ಫೋನಿನಲ್ಲಿ “ಉಂಡೆಯಾ?” ಎಂದು ಅವರು ಕೇಳಿದಾಗಲೆಲ್ಲ “ಉಂಡೆ” ಎಂದುದು ಸುಳ್ಳೆಂದೂ ಹೇಳಿದೆ. ನಲವತ್ತರ ಹತ್ತಿರಕ್ಕೆ ಬಂದವನು, ತರಗತಿಯಲ್ಲಿ ನೂರು ಜನರೆದುರು ನಿರರ್ಗಳವಾಗಿ ಮಾತನಾಡುವವನು, ಎರಡು ವಾಕ್ಯಕ್ಕೆ ತಡವರಿಸಿದೆ.

ಮಾವನವರು ಮುಚ್ಚಿದ ಬಾಗಿಲನ್ನು ಬಹಳ ಹೊತ್ತು ನೋಡಿದರು. “ಆ ಪುಸ್ತಕಗಳು ಇವೆಯೋ, ಅವನ್ನೂ ಮಾರಿದೆಯೋ?” “ಇವೆ, ಮಾವ.” “ಸರಿ, ನಡಿ” ಎಂದರು. ಕೋಪವೋ ಸಮಾಧಾನವೋ ನನಗೆ ಗೊತ್ತಾಗಲಿಲ್ಲ.

ಭಾನುವಾರ ಮತ್ತು ಸರಕಾರಿ ರಜಾದಿನಗಳ ಸಂಜೆ ಅರಮನೆಗೆ ದೀಪಾಲಂಕಾರವಿರುತ್ತದೆ. ಲಕ್ಷಕ್ಕೆ ಸಮೀಪದ ದೀಪಗಳು ಒಮ್ಮೆಗೇ ಹತ್ತಿಕೊಂಡಾಗ ನೆರೆದವರೆಲ್ಲ ಒಂದೇ ಉಸಿರಿನಲ್ಲಿ “ಓ!” ಎಂದರು. ಮಾವನವರು ಮಾತ್ರ, “ಕರೆಂಟಿನ ಬಿಲ್ಲು ಎಷ್ಟಾಗುತ್ತದೋ!” ಎಂದರು. ಆದರೆ ದೀಪ ಆರುವವರೆಗೂ ನಿಂತಲ್ಲಿಂದ ಕದಲಲಿಲ್ಲ.

ರಾತ್ರಿ ಗಾಂಧಿ ಚೌಕದ ಬಳಿಯ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತೆವು. ನಾನು ಸಾಕೆಂದು ಕೈಯಡ್ಡ ಹಿಡಿದಾಗ ಮಾವನವರು ಬಡಿಸುವವನನ್ನು ಕರೆದು, “ಇವನಿಗೆ ಇನ್ನೊಂದು ಸಲ ಅನ್ನ ಹಾಕಪ್ಪ. ಎರಡು ವರ್ಷದ ರಾತ್ರಿಯೂಟ ಬಾಕಿ ಇದೆ” ಎಂದರು. ನಕ್ಕರು. ನಾನೂ ನಗಲು ಹೋದೆ. ಅನ್ನ ಗಂಟಲಲ್ಲಿ ಸಿಕ್ಕಿತು.

ಗೆಳೆಯರ ಕಾಗದಕ್ಕೆ ನನ್ನ ಉತ್ತರ ಇಷ್ಟೆ: ಶನಿವಾರ ಮಧ್ಯಾಹ್ನ ತಲಪಿರಿ, ಭಾನುವಾರ ರಾತ್ರಿಯವರೆಗೆ ಇರಿ. ದೊಡ್ಡ ಗಡಿಯಾರಕ್ಕೂ ಚಿಕ್ಕ ಗಡಿಯಾರಕ್ಕೂ ನಡುವೆ ಇರುವುದು ಕೆಲವೇ ನಿಮಿಷಗಳ ನಡಿಗೆ; ವಾಹನದ ಹಂಗು ಬೇಡ. ಮನೆಯಲ್ಲಿ ನಿಮ್ಮ ಓದಿಗೆ ಹಣ ಹೊಂದಿಸಿದ ಹಿರಿಯರು ಇನ್ನೂ ಇದ್ದರೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಅವರು ನಿಧಾನವಾಗಿ ನಡೆಯುತ್ತಾರೆ, ಊರು ಹೆಚ್ಚು ಕಾಣುತ್ತದೆ. ಮೈಸೂರು ಪಾಕನ್ನು ಮಾತ್ರ ಎರಡು ಪೊಟ್ಟಣ ಕೊಳ್ಳಿರಿ. ನಮ್ಮದು ಅರಸೀಕೆರೆ ತಲಪುವ ಮೊದಲೇ ಮುಗಿದುಹೋಯಿತು.